ಗುಜರಿಗೆ ಹಾಕುವ ಮುನ್ನ

ಕೇಳುಗರಿಗೆ ನಮಸ್ಕಾರ.

ನಿಮ್ಮ ಬೀದಿಗೆ ಗುಜರಿಯವರ ಕೈಗಾಡಿ ಬಂದಾಗ ಅದರೊಳಗೆ ಏನೇನಿದೆ ಎಂದು ಒಮ್ಮೆ ನೋಡಿ. ಸೀಲಿಂಗ್ ಫ್ಯಾನು, ಮಿಕ್ಸಿ, ಹಿಡಿ ಕಳಚಿದ ಕುಕ್ಕರು, ಬೆತ್ತ ಹರಿದ ಕುರ್ಚಿ. ಇವುಗಳಲ್ಲಿ ಎಷ್ಟೋ ವಸ್ತುಗಳು ಪೂರ್ತಿ ಕೆಟ್ಟಿರುವುದಿಲ್ಲ. ಎಲ್ಲೋ ಒಂದು ಭಾಗ ಸೋತಿರುತ್ತದೆ, ಮಿಕ್ಕದ್ದೆಲ್ಲ ಗಟ್ಟಿಮುಟ್ಟಾಗಿರುತ್ತದೆ. ಸೋತದ್ದು ಯಾವುದೆಂದು ಗೊತ್ತಾಗದೆ ನಾವು ಇಡೀ ವಸ್ತುವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತೇವೆ. ಕಡಿಮೆ ಖರ್ಚಿನಲ್ಲಿ ಬಾಳಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ಆ ಒಂದು ಭಾಗವನ್ನು ಗುರುತಿಸುವುದನ್ನು.

ಫ್ಯಾನನ್ನೇ ತೆಗೆದುಕೊಳ್ಳಿ. ರೆಗ್ಯುಲೇಟರನ್ನು 5ಕ್ಕೆ ಇಟ್ಟರೂ ತೂಕಡಿಸುತ್ತಾ ತಿರುಗುತ್ತದೆ, ಅಥವಾ ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತದೆ. ಸ್ವಿಚ್ ಆರಿಸಿ ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ತಪ್ಪು ಹೆಚ್ಚಾಗಿ ಕೆಪಾಸಿಟರಿನದು. ಒಳಗಿರುವ ಎರಡು ಸುರುಳಿಗಳಲ್ಲಿ ಒಂದರ ವಿದ್ಯುತ್ ಹರಿವನ್ನು ಸ್ವಲ್ಪ ಮುಂದೆ ಸರಿಸಿ, ಮೋಟಾರಿಗೆ ತಿರುಗುವ ಬಲ ಕೊಡುವುದೇ ಅದರ ಕೆಲಸ. ವರ್ಷಗಳು ಕಳೆದಂತೆ ಅದರ ಶಕ್ತಿ ಕುಗ್ಗುತ್ತದೆ. ಮನೆಯ ಫ್ಯಾನುಗಳಲ್ಲಿ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು ಇರುತ್ತದೆ, ಮೈಮೇಲೆಯೇ ಅಚ್ಚಾಗಿರುತ್ತದೆ. ಅದೇ ಅಳತೆಯ ಹೊಸದನ್ನು ಹಾಕಿಸಿದರೆ ಒಂದು ಹೋಟೆಲ್ ಊಟದ ದುಡ್ಡೂ ಖರ್ಚಾಗದು. ಮೇನ್ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಫ್ಯಾನು ಕರಕರ ಎನ್ನುತ್ತಿದ್ದರೆ ಬೇರಿಂಗ್ ಸವೆದಿರಬೇಕು. ಬೇರಿಂಗಿನ ಅಂಚಿನಲ್ಲಿ ಒಂದು ಸಂಖ್ಯೆ ಕೊರೆದಿರುತ್ತಾರೆ. 6202 ಎಂದಿದ್ದರೆ ಒಳವ್ಯಾಸ 15 ಮಿಲಿಮೀಟರ್, ಹೊರವ್ಯಾಸ 35, ದಪ್ಪ 11. ಯಾವ ಕಂಪನಿ ಮಾಡಿದರೂ, ಯಾವ ದೇಶದಲ್ಲಿ ಮಾಡಿದರೂ ಅದೇ ಅಳತೆ. ನಿಮ್ಮ ಫ್ಯಾನಿನ ಕಂಪನಿ ಮುಚ್ಚಿಹೋಗಿದ್ದರೂ ಪೇಟೆಯ ಬೇರಿಂಗ್ ಅಂಗಡಿಯಲ್ಲಿ ನಿಮ್ಮ ಭಾಗ ಸಿಗುತ್ತದೆ. ಇದು ನನಗೆ ತುಂಬಾ ಸಂತೋಷ ಕೊಡುವ ಸಂಗತಿ. ಆದರೆ ಸುರುಳಿ ಸುಟ್ಟ ವಾಸನೆ ಬಂದರೆ, ಹೊಸ ಸುರುಳಿ ಸುತ್ತಿಸುವುದೋ ಹೊಸ ಫ್ಯಾನು ಕೊಳ್ಳುವುದೋ ಎಂದು ಲೆಕ್ಕ ಹಾಕಿ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನು ಪೂರ್ಣ ವೇಗದಲ್ಲೂ 30ರ ಆಸುಪಾಸು. ಫ್ಯಾನು ಹಗಲಿರುಳು ತಿರುಗುವ ಕೋಣೆಗಾದರೆ ಹೊಸದೇ ವಾಸಿ.

ಮಿಕ್ಸಿ ಇದ್ದಕ್ಕಿದ್ದಂತೆ ನಿಂತರೆ ಗಾಬರಿಯಾಗಬೇಡಿ. ಪ್ಲಗ್ ತೆಗೆದು, ಸ್ವಲ್ಪ ತಣ್ಣಗಾಗಲು ಬಿಟ್ಟು, ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿ. ಮೋಟಾರು ತಿರುಗಿಯೂ ಜಾರಿನ ಬ್ಲೇಡು ಸುಮ್ಮನಿದ್ದರೆ ಸವೆದಿರುವುದು ಮೋಟಾರಿಗೂ ಜಾರಿಗೂ ನಡುವಿನ ಕೊಂಡಿಯಾದ ಕಪ್ಲರು. ಒಳಗೆ ಕಿಡಿ ಹೆಚ್ಚಾಗಿ ಕಾಣುತ್ತಿದ್ದರೆ, ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್. ಎರಡೂ ಸಣ್ಣ ಬೆಲೆಯವೇ.

ಇನ್ನು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳ ಮಾತು. ಅಜ್ಜಿಯ ಕಾಲದ ದಪ್ಪ ತಳದ ಪಾತ್ರೆಗಳನ್ನು ತೂಕಕ್ಕೆ ಹಾಕಿ, ಬಂದ ಹಣದಲ್ಲಿ ನಾನ್‌ಸ್ಟಿಕ್ ತರುವ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಆ ಪಾತ್ರೆಗೆ ಬೇಕಾಗಿರುವುದು ಕಲಾಯಿ, ಅಷ್ಟೇ. ಒಳಮೈಯ ಬೆಳ್ಳಗಿನ ತವರ ಸವೆದು ಹಳದಿ ಬಣ್ಣ ಇಣುಕಿತೆಂದರೆ ಹುಣಸೆಹುಳಿಯ ಸಾರು ಅದರಲ್ಲಿ ಕಿಲುಬುತ್ತದೆ, ಅಡುಗೆ ನಿಲ್ಲಿಸಬೇಕು. ಕಲಾಯಿಯವರು ಪಾತ್ರೆಯನ್ನು ಉಜ್ಜಿ, ಕುಲುಮೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚುತ್ತಾರೆ. ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಕಲ್ಮಶ ಕಳಚಿಕೊಳ್ಳುತ್ತದೆ. ಆಗ ತವರದ ಕಡ್ಡಿಯನ್ನು ತಾಗಿಸಿ, ಅರಳೆಯಿಂದ ಸರಸರನೆ ಒರೆಸಿದರೆ ಒಳಮೈಯೆಲ್ಲ ಫಳಫಳ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ; ಹಾಗಾಗಿ ಕಲಾಯಿ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಬಿಡಬೇಡಿ, ಉಕ್ಕಿನ ನಾರಿನಿಂದ ತಿಕ್ಕಬೇಡಿ. ಕೆಲಸಕ್ಕೆ ಸೀಸ ಬೆರೆಸದ ಶುದ್ಧ ತವರವನ್ನೇ ಬಳಸಬೇಕೆಂದು ಒತ್ತಿ ಹೇಳಿ. ಕಲಾಯಿಯವರು ಈಗ ಅಪರೂಪ. ಸಿಕ್ಕಿದರೆ ಅಕ್ಕಪಕ್ಕದ ಮನೆಯವರನ್ನೂ ಕೂಗಿ ಕರೆಯಿರಿ, ನಾಲ್ಕು ಮನೆಯ ಪಾತ್ರೆ ಸೇರಿದರೆ ಅವರಿಗೂ ಬಂದದ್ದಕ್ಕೆ ಸಾರ್ಥಕ.

ಬಟ್ಟೆಯ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಹಾಸಿ, ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ದಾರ ಎಳೆದು ಕೌದಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಯ ಮೂಲೆಗಳಲ್ಲಿ ತ್ರಿಕೋನದ ತುಣುಕುಗಳ ಹೂವೊಂದು ಇರುತ್ತದೆ. ಅದಿಲ್ಲದಿದ್ದರೆ ಅವರಿಗೆ ಕೌದಿ ಬೆತ್ತಲೆ ಅನ್ನಿಸುತ್ತದಂತೆ. ಹಳೆ ಬಟ್ಟೆಯಿಂದ ಮಾಡಿದ್ದು ಎಂಬ ಸಂಕೋಚದ ಸುಳಿವೂ ಅಲ್ಲಿಲ್ಲ.

ರಿಪೇರಿಯನ್ನು ನಾಲ್ಕು ಜನ ಕೂಡಿ ಮಾಡುವ ಪ್ರಯತ್ನಗಳೂ ನಡೆದಿವೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲಾದ ರಿಪೇರಿ ಕೆಫೆ 2015ರಲ್ಲಿ ಬೆಂಗಳೂರಿಗೂ ಬಂತು. ಕೆಟ್ಟದ್ದನ್ನು ತಂದವರು ಬಲ್ಲವರ ಪಕ್ಕ ಕೂತು ತಾವೇ ಸರಿಪಡಿಸಿಕೊಳ್ಳುವುದು ಅಲ್ಲಿನ ರೀತಿ. ರಿಪೇರಿಯ ಹಕ್ಕು, ಅಂದರೆ ಕೊಂಡ ವಸ್ತುವನ್ನು ನಮಗೆ ಬೇಕಾದ ಕಡೆ ಸರಿಪಡಿಸಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿತು. ಈ ಹಕ್ಕು ಬೇಕೇ ಬೇಕು. ಸ್ಕ್ರೂ ಇರಬೇಕಾದ ಕಡೆ ಅಂಟು ಹಾಕಿ ಮುಚ್ಚಿದ ಯಂತ್ರದ ಮುಂದೆ ಎಂಥ ಜಾಣ ಮೆಕ್ಯಾನಿಕ್ಕೂ ಅಸಹಾಯಕ.

ಬೀದಿಯಲ್ಲಿ ಸಿಕ್ಕಿದ್ದೆಲ್ಲವನ್ನೂ ಮನೆಗೆ ತರಬಾರದು ಎಂಬುದನ್ನೂ ಹೇಳಬೇಕು. ಮರದ ಕುರ್ಚಿಯ ಸಂದಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಹಿಡಿದಿದೆ. ಎಸೆದ ಹಾಸಿಗೆಯಲ್ಲಿ ತಿಗಣೆ ಇರಬಹುದು. ಮುಚ್ಚಳ ಸೊಟ್ಟಗಾದ ಕುಕ್ಕರನ್ನು ಅಲ್ಲೇ ಬಿಡಿ. ಮೈಕ್ರೋವೇವ್ ಒಲೆಯನ್ನೂ ಹಳೆಯ ದಪ್ಪ ಟೀವಿಯನ್ನೂ ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ ಒಳಗಿರಬಹುದು.

ಕೊನೆಯದಾಗಿ ಒಂದು ಕೋರಿಕೆ. ರಿಪೇರಿ ಅಂಗಡಿಗೆ ಹೋದಾಗ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಹತ್ತು ರೂಪಾಯಿಯ ಭಾಗ ಯಾವುದೆಂದು ತಿಳಿಯಲು ಅವರು ವರ್ಷಗಟ್ಟಲೆ ಕಲಿತಿದ್ದಾರೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದು, ಅದರ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಬೇಕಾಗುತ್ತದೆ.

ನಮಸ್ಕಾರ.