ಬೆಚ್ಚಗಿನ ನೀರನ್ನು ನಂಬದ ಕೆಲಸ

ಕೇಳುಗರಿಗೆ ನಮಸ್ಕಾರ.

ಉಷ್ಣವಲಯದ ಕಡಲಿನಲ್ಲಿ ಸ್ಕೂಬಾ ಡೈವಿಂಗ್ ಎಂದರೆ ಹವಳದ ನಡುವೆ ಮೀನಿನ ಹಿಂಡು ಹಾಯುವ ಚಿತ್ರವೇ ಹೆಚ್ಚಿನವರ ಕಣ್ಣ ಮುಂದೆ ಬರುತ್ತದೆ. ಅಂಥ ನೀರಿನಲ್ಲಿ ಡೈವರ್ ಆಗಿ ಕೆಲವು ವರ್ಷ ದುಡಿದ ನನಗೆ ಮೊದಲು ನೆನಪಾಗುವುದು ಸೊಂಟನೋವು. ಬೆಳಗಿನ ಆರು ಗಂಟೆಗೆ, ಪ್ರವಾಸಿಗರು ಇನ್ನೂ ಹಾಸಿಗೆಯಲ್ಲಿರುವಾಗ, ಇಪ್ಪತ್ತು ಮೂವತ್ತು ಸಿಲಿಂಡರುಗಳನ್ನು ಒಂದೊಂದಾಗಿ ಧಕ್ಕೆಯಿಂದ ದೋಣಿಗೆ ಇಳಿಸಿ, ಅಲೆಗೆ ಉರುಳದಂತೆ ಹಗ್ಗದಿಂದ ಬಿಗಿದು, ಪ್ರತಿಯೊಂದರ ಒತ್ತಡವನ್ನೂ ಮಾಪಕವಿಟ್ಟು ನೋಡುವುದರಿಂದ ಈ ವೃತ್ತಿಯ ದಿನ ಶುರುವಾಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರಿನೊಳಗೆ 11 ಲೀಟರ್ ನೀರು ಹಿಡಿಯುವಷ್ಟೇ ಜಾಗ. ಆ ಜಾಗಕ್ಕೆ ಕಂಪ್ರೆಸರ್ 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿಯನ್ನು ತುರುಕಿರುತ್ತದೆ. ಗಾಳಿಗೂ ತೂಕವಿದೆ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ತುಂಬಿದ ಸಿಲಿಂಡರನ್ನು ಒಂದು ಕೈಯಲ್ಲಿ, ಖಾಲಿಯಾದದ್ದನ್ನು ಇನ್ನೊಂದು ಕೈಯಲ್ಲಿ ಎತ್ತಿದವನಿಗೆ ಅದು ತೋಳಿನಲ್ಲೇ ತಿಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ಎರಡೂವರೆ ಕಿಲೋ ದಾಟುತ್ತದೆ. ಉಸಿರಾಡುತ್ತ ಹೋದಂತೆ ಸಿಲಿಂಡರ್ ಹಗುರವಾಗಿ ಮನುಷ್ಯನನ್ನು ಮೇಲಕ್ಕೆ ಎತ್ತತೊಡಗುವುದರಿಂದ, ಸೊಂಟಕ್ಕೆ ಕಟ್ಟುವ ಸೀಸದ ಗುಂಡುಗಳ ಲೆಕ್ಕವನ್ನು ಕೊನೆಯ ಐದು ಮೀಟರಿನಲ್ಲಿ ತೇಲಿಹೋಗದೆ ನಿಲ್ಲಲು ಎಷ್ಟು ಬೇಕೋ ಅದರ ಮೇಲೆಯೇ ಹಾಕಬೇಕಾಗುತ್ತದೆ. ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದೇ ಆಗಿತ್ತು, ಅವರು ಕೇಳಬಯಸುತ್ತಿದ್ದದ್ದು ಮಾತ್ರ ಆಮೆಗಳ ವಿಷಯ.

ಹಿಂದೆ ಆಳದಲ್ಲಿ ಹೊತ್ತು ಕಳೆದು ದುಡಿಯಬೇಕಾದವರು ತಾಮ್ರದ ಶಿರಸ್ತ್ರಾಣ ತೊಟ್ಟು, ದೋಣಿಯ ಮೇಲಿನ ಪಂಪಿನಿಂದ ಬರುವ ಗಾಳಿಯ ಕೊಳವೆಗೆ ಕಟ್ಟುಬಿದ್ದು, ಕಡಲ ತಳದಲ್ಲಿ ನಡೆದಾಡುತ್ತಿದ್ದರು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ, ಉಸಿರು ಎಳೆದಾಗ ಮಾತ್ರ ಬೇಕಾದಷ್ಟು ಗಾಳಿ ಕೊಡುವ ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸಿದ ಮೇಲೆ ಆ ಕೊಳವೆಯ ನಂಟು ಕಡಿಯಿತು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಮೋಟಾರು ಗಾಡಿಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ರೂಪಿಸಿದ್ದ ಕವಾಟವೇ ಅದಕ್ಕೆ ಆಧಾರವಾಗಿತ್ತು. ಕಾರಿನ ಹೊಟ್ಟೆ ತುಂಬಿಸಲು ಹುಟ್ಟಿದ ಉಪಕರಣ ಮನುಷ್ಯನ ಎದೆಗೆ ಗಾಳಿ ಕೊಡುವ ಕೆಲಸಕ್ಕೆ ನಿಂತಿತು.

ರೆಗ್ಯುಲೇಟರಿನ ಜಾಣತನವೆಂದರೆ, ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಅದು ಬಾಯಿಗೆ ಕೊಡುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆ. ನೀರಿನ ಮೇಲೆ ಗಾಳಿಯದೇ ಒಂದು ವಾಯುಭಾರ ಇರುವುದರಿಂದ 20 ಮೀಟರಿನಲ್ಲಿ ಅದು ಒಟ್ಟು ಮೂರಾಗುತ್ತದೆ. ಆದ್ದರಿಂದ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವನು 20 ಮೀಟರ್ ಆಳದಲ್ಲಿ ಅದೇ ಸಿಲಿಂಡರಿನಿಂದ ನಿಮಿಷಕ್ಕೆ 60 ಲೀಟರ್ ಖಾಲಿಮಾಡುತ್ತಾನೆ. ಗಾಬರಿಬಿದ್ದವನು ಅದರ ಎರಡರಷ್ಟನ್ನೂ ಮುಗಿಸಬಲ್ಲ. ಇನ್ನೊಂದು ಪರಿಣಾಮ ಇದಕ್ಕಿಂತ ಗಂಭೀರವಾದದ್ದು. ಆಳದಲ್ಲಿ ಎದೆ ತುಂಬಿಕೊಂಡ ಗಾಳಿ ಮೇಲೇರುವಾಗ ಹಿಗ್ಗುತ್ತದೆ, ಉಸಿರು ಬಿಗಿಹಿಡಿದು ಏರಿದರೆ ಆ ಹಿಗ್ಗಿಗೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶ ಹರಿಯುತ್ತದೆ. ಇದಕ್ಕೆ ಮಹಾ ಆಳವೇನೂ ಬೇಡ, ಈಜುಕೊಳದ ಒಂದೆರಡು ಮೀಟರ್ ಸಾಕು. ನೀರಿನಲ್ಲಿ ಉಸಿರು ಕಟ್ಟಬೇಕು ಎಂದು ಬಾಲ್ಯದಿಂದ ಕಲಿತ ದೇಹಕ್ಕೆ ಉಸಿರು ಕಟ್ಟಬಾರದು ಎಂದು ಕಲಿಸುವುದೇ ಈ ವಿದ್ಯೆಯ ಅರ್ಧ ಭಾಗ.

ಉಳಿದರ್ಧ ಸಾರಜನಕಕ್ಕೆ ಸಂಬಂಧಿಸಿದ್ದು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ಸೇರುತ್ತದೆ, ನಿಧಾನವಾಗಿ ಏರಿದರೆ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ, ಅವಸರಪಟ್ಟರೆ ದೇಹದೊಳಗೇ ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನನ್ನಾದರೂ ತರುತ್ತದೆ. ಬ್ರಿಟಿಷ್ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ನಿಂತು ನಿಂತು ಮೇಲೇರುವ ಪಟ್ಟಿಗಳನ್ನು 1908ರಲ್ಲಿ ಪ್ರಕಟಿಸಿದರು. ಆ ತಿಳಿವು ಬೇಕಾದವರನ್ನು ಬೇಗ ತಲುಪಲಿಲ್ಲ. ಆಸ್ಟ್ರೇಲಿಯದ ವಾಯವ್ಯ ಕರಾವಳಿಯ ಬ್ರೂಮ್ ಎಂಬ ಊರಿನಲ್ಲಿ ಮುತ್ತಿನ ಚಿಪ್ಪು ತೆಗೆಯಲು ಬಂದ ಜಪಾನಿ ಡೈವರುಗಳಲ್ಲಿ ಎಷ್ಟೋ ಮಂದಿ ಈ ಗುಳ್ಳೆರೋಗದಿಂದ, ಇನ್ನೆಷ್ಟೋ ಮಂದಿ ಚಂಡಮಾರುತಕ್ಕೆ ಸಿಕ್ಕು ಸತ್ತರು. ಅಲ್ಲಿಯ ಜಪಾನಿ ಸ್ಮಶಾನದಲ್ಲಿ 900ಕ್ಕೂ ಹೆಚ್ಚು ಮಂದಿಯನ್ನು ಮಣ್ಣುಮಾಡಲಾಗಿದೆ. ಆ ಚಿಪ್ಪುಗಳು ಹೆಚ್ಚಾಗಿ ಹೋದದ್ದು ಅಂಗಿಯ ಗುಂಡಿಗಳಿಗೆ. ಇದು ಹಳೆಯ ಕಥೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಹೊಂಡುರಾಸ್ ದೇಶದ ಮಿಸ್ಕಿಟೊ ಜನ ಲಾಬ್‌ಸ್ಟರ್ ಹಿಡಿಯಲು ತರಬೇತಿಯಿಲ್ಲದೆ, ಸರಿಯಾದ ಮಾಪಕಗಳಿಲ್ಲದೆ ದಿನಕ್ಕೆ ಹಲವು ಸಿಲಿಂಡರ್ ಮುಗಿಸುವಷ್ಟು ಮುಳುಗಿ ನೂರಾರು ಸಂಖ್ಯೆಯಲ್ಲಿ ಅಂಗವಿಕಲರಾದರು. ಅವರ ಪ್ರಕರಣ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ, 2021ರ ತೀರ್ಪಿನಲ್ಲಿ ಆ ದೇಶದ ಸರ್ಕಾರದ ಹೊಣೆ ಸ್ಥಿರಪಟ್ಟಿತು.

ಈ ಎರಡೂ ಘಟನೆಗಳು ನಡೆದದ್ದು ಬಿಸಿನಾಡಿನ ಕಡಲಿನಲ್ಲಿ ಎಂಬುದನ್ನು ನಾನು ಬೇಕೆಂದೇ ಎತ್ತಿ ಹೇಳುತ್ತಿದ್ದೇನೆ. ತಣ್ಣನೆಯ ಕಡಲಿನಲ್ಲಿ ಚಳಿಯೇ ಒಂದು ಗಡಿಯಾರ. ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟಿ, ಹಲ್ಲು ಕಟಕಟಿಸಿ, ಸಾಕು ಮೇಲೆ ನಡೆ ಎಂದು ಅದು ಹೇಳುತ್ತದೆ. 28 ಡಿಗ್ರಿಯ ನೀರು ಅಂಥದ್ದೇನನ್ನೂ ಹೇಳುವುದಿಲ್ಲ. ನೀರು ತಿಳಿಯಾಗಿರುವುದರಿಂದ 30 ಮೀಟರ್ ಆಳದಲ್ಲಿ ನಿಂತವನಿಗೂ ದೋಣಿಯ ತಳ ತಲೆಯ ಮೇಲೆ ಕಾಣುತ್ತಿರುತ್ತದೆ, ಕೈಗೆ ಎಟುಕುವಂತೆ. ಆ ಆಳದಲ್ಲಿ ಸಾರಜನಕ ಮೆದುಳಿಗೂ ಸ್ವಲ್ಪ ಅಮಲು ಏರಿಸಿರುತ್ತದೆ. ಹಾಯಾಗಿದೆ ಎಂದು ಅನ್ನಿಸತೊಡಗಿದ ಗಳಿಗೆಯಲ್ಲಿ ಮಾಪಕ ನೋಡಬೇಕು ಎಂಬುದನ್ನು ಈ ಕಡೆಯ ಡೈವರ್ ತಾನಾಗಿ ರೂಢಿಸಿಕೊಳ್ಳಬೇಕು. ಪ್ರವಾಸಿ ವಾರದಲ್ಲಿ ಐದಾರು ಬಾರಿ ಮುಳುಗಿ ಮನೆಗೆ ಹೋಗುತ್ತಾನೆ. ಅವನನ್ನು ಕರೆದೊಯ್ಯುವವನು ದಿನಕ್ಕೆ ಮೂರರಂತೆ, ವಾರಕ್ಕೆ ಆರು ದಿನ, ತಿಂಗಳುಗಟ್ಟಲೆ ಮುಳುಗುತ್ತಿರುತ್ತಾನೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು, 5 ಮೀಟರಿನಲ್ಲಿ 3 ನಿಮಿಷ ನಿಂತೇ ಮೇಲೆ ಬರಬೇಕು, ಹಲವು ಬಾರಿ ಮುಳುಗಿದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು ಎಂಬ ನಿಯಮಗಳು ಇಬ್ಬರಿಗೂ ಒಂದೇ, ಆದರೆ ಅವುಗಳನ್ನು ಸಾವಿರ ಬಾರಿ ಬೇಸರವಿಲ್ಲದೆ ಪಾಲಿಸಬೇಕಾದವನು ಎರಡನೆಯವನು.

ನೀರಿನಡಿಯಲ್ಲಿ ಬಾಯಿಯಲ್ಲಿ ರೆಗ್ಯುಲೇಟರ್ ಇರುವುದರಿಂದ ಮಾತು ಇಲ್ಲ. ಕೈಸನ್ನೆಯೇ ಭಾಷೆ, ಆ ಭಾಷೆಯ ವ್ಯಾಕರಣ ನೆಲದ ಮೇಲಿನದಕ್ಕಿಂತ ಬೇರೆ. ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿಯಿದೆ ಎಂದರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ ಮೇಲೆ ಹೋಗೋಣ ಎಂದರ್ಥ. ಒಮ್ಮೆ ಹೊಸ ಕಲಿಕೆಯ ಒಬ್ಬರು ಆಮೆಯನ್ನು ಕಂಡು ಖುಷಿಯಿಂದ ಹೆಬ್ಬೆರಳು ಎತ್ತಿದರು. ನಾನು ನಿಯಮದಂತೆ ಅವರ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೊರಟೆ. ಅವರು ತಲೆಯಾಡಿಸಿ ಮತ್ತೆ ಹೆಬ್ಬೆರಳು ತೋರಿಸಿದರು, ನಾನು ಇನ್ನಷ್ಟು ಗಂಭೀರನಾದೆ. ದೋಣಿಗೆ ಬಂದ ಮೇಲೆ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹಾಗಿದ್ದರೂ ನಾಳೆ ಅದೇ ಸನ್ನೆ ಬಂದರೆ ಮತ್ತೆ ಹಾಗೆಯೇ ಮಾಡುತ್ತೇನೆ. ಸನ್ನೆಗಿಂತ ಹೆಚ್ಚಾಗಿ ನಾವು ಓದುವುದು ಮಾಸ್ಕಿನ ಗಾಜಿನ ಹಿಂದಿನ ಕಣ್ಣುಗಳನ್ನು. ಗಾಬರಿಯಾದವರ ಕೈ ಇನ್ನೂ ಸರಿಯಿದೆ ಎಂದು ಉಂಗುರ ತೋರಿಸುತ್ತಿರುವಾಗಲೇ ಕಣ್ಣು ಅಗಲವಾಗಿ ಒಂದೆಡೆ ನಿಂತುಬಿಡುತ್ತದೆ, ಬಿಡುವ ಗುಳ್ಳೆಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಆಗ ಹತ್ತಿರ ಹೋಗಿ, ಅವರ ಜಾಕೆಟ್ಟಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು, ಕಣ್ಣಿಗೆ ಕಣ್ಣು ಕೊಟ್ಟು, ನಿಧಾನವಾಗಿ ಉಸಿರು ಬಿಡುವುದನ್ನು ಕೈಯಲ್ಲಿ ತೋರಿಸಬೇಕು. ಈ ಕೆಲಸಕ್ಕೆ ಕೂಲಿ ಎಂದು ಏನಾದರೂ ಸಲ್ಲುವುದಿದ್ದರೆ ಅದು ಆ ಅರ್ಧ ನಿಮಿಷಕ್ಕೆ ಎಂಬುದು ನನ್ನ ಅಭಿಪ್ರಾಯ.

ಕೂಲಿಯ ಮಾತು ಬಂದದ್ದರಿಂದ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಎಷ್ಟೋ ಕಡೆಗಳಲ್ಲಿ ಈ ವೃತ್ತಿಯಲ್ಲಿ ತಿಂಗಳ ಸಂಬಳ ಎಂಬುದಿಲ್ಲ. ಮುಳುಗಿದ ಲೆಕ್ಕಕ್ಕೆ, ಕಲಿಸಿದ ತಲೆಗಳ ಲೆಕ್ಕಕ್ಕೆ ಹಣ. ಮುಳುಗದ ದಿನ ಬರಿಗೈ. ಪ್ರವಾಸಿಗರ ಹಂಗಾಮಿನ ನಡುವೆ ನನಗೆ ನೆಗಡಿಯಾಯಿತು. ನೆಗಡಿಯಿದ್ದಾಗ ಮುಳುಗಬಾರದು ಎಂದು ನೂರಾರು ಜನಕ್ಕೆ ಹೇಳಿಕೊಟ್ಟ ನಾನು ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದೆ. ಇಳಿಯುವಾಗ ಕಿವಿ ಸಲೀಸಾಗಿ ತೆರೆದುಕೊಂಡಿತು. ನಲವತ್ತು ನಿಮಿಷದ ಬಳಿಕ ಏರುವಾಗ ಮಾತ್ರೆಯ ಶಕ್ತಿ ಇಳಿದು, ಕಿವಿಯೊಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗತೊಡಗಿತು. ಸೂಜಿಯನ್ನು ಒಳಗಿನಿಂದ ಹೊರಕ್ಕೆ ಚುಚ್ಚಿದಂಥ ನೋವು. ಮೇಲೆ ಹೋದರೆ ನೋವು, ಕೆಳಗಿದ್ದರೆ ಗಾಳಿ ಮುಗಿಯುತ್ತದೆ. ಒಂದು ಮೀಟರ್ ಏರಿ ಅರ್ಧ ಮೀಟರ್ ಇಳಿದು, ಮತ್ತೆ ಏರಿ, ನನ್ನ ಜೊತೆಗಿದ್ದ ನಾಲ್ವರಿಗೆ ಎಲ್ಲ ಸರಿಯಿದೆ ಎಂದು ಉಂಗುರ ತೋರಿಸುತ್ತಲೇ ಮೇಲೆ ಬಂದಾಗ ಮಾಸ್ಕಿನೊಳಗೆ ರಕ್ತವಿತ್ತು. ವೈದ್ಯರು ಮೂರು ವಾರ ನೀರಿಗೆ ಇಳಿಯಬಾರದೆಂದರು. ಎರಡು ದಿನದ ಕೂಲಿ ಉಳಿಸಲು ಹೋಗಿ ಇಪ್ಪತ್ತೊಂದು ದಿನದ್ದನ್ನು ಕಳೆದುಕೊಂಡೆ.

ಈ ದುಡಿಮೆಗೆ ಹೋಗಬಯಸುವ ಕಿರಿಯರು ನನ್ನನ್ನು ಕೇಳುವುದು ಯಾವ ಸಂಸ್ಥೆಯ ಪ್ರಮಾಣಪತ್ರ ಒಳ್ಳೆಯದು ಎಂದು. ದೊಡ್ಡ ಸಂಸ್ಥೆಗಳ ಪಠ್ಯಕ್ರಮಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಹೊಸಬರಿಗೆ 18 ಮೀಟರ್, ಮುಂದಿನ ಹಂತದಲ್ಲಿ 30, ವಿಶೇಷ ತರಬೇತಿಯಾದ ಮೇಲೆ 40 ಮೀಟರ್ ಎಂಬುದು ಮನರಂಜನೆಯ ಡೈವಿಂಗ್‌ನ ಸಾಮಾನ್ಯ ಮಿತಿ. ಆಮೇಲೆ ಇತರರನ್ನು ನೀರಿನಡಿ ಕರೆದೊಯ್ಯುವ ಡೈವ್‌ಮಾಸ್ಟರ್, ಅದರ ಮೇಲೆ ಬೋಧಕ ಎಂಬ ಹಂತಗಳು. ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ: ಅಲ್ಲಿ ದುಡಿಯಲು ಪರವಾನಗಿ ಯಾರು ಮಾಡಿಸಿಕೊಡುತ್ತಾರೆ, ವಿಮೆ ಯಾರದ್ದು, ಗುಳ್ಳೆರೋಗ ಬಂದವರನ್ನು ಗಾಳಿಯ ಒತ್ತಡದಲ್ಲಿಟ್ಟು ಗುಣಪಡಿಸುವ ಹತ್ತಿರದ ಒತ್ತಡ ಚಿಕಿತ್ಸಾ ಕೊಠಡಿ ಎಷ್ಟು ಗಂಟೆಯ ದಾರಿ, ಕಂಪ್ರೆಸರಿನ ಗಾಳಿ ಎಳೆಯುವ ಬಾಯಿ ಎಂಜಿನ್ನಿನ ಹೊಗೆಕೊಳವೆಯಿಂದ ದೂರದಲ್ಲಿದೆಯೇ. ಕೊನೆಯದು ಕ್ಷುಲ್ಲಕವೆಂದು ಕಾಣಬಹುದು. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಸಿಲಿಂಡರಿಗೆ ಸೇರಿದರೆ ಆಳದ ಒತ್ತಡದಲ್ಲಿ ಅದರ ವಿಷವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಕಂಪ್ರೆಸರ್ ಕೋಣೆಯನ್ನು ತೋರಿಸಲು ಹಿಂದೆಮುಂದೆ ನೋಡುವ ಕಡೆ ಕೆಲಸಕ್ಕೆ ಸೇರಬೇಡಿ.

ಜನ ಹೆದರುವ ಶಾರ್ಕಿನ ಬಗ್ಗೆ ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ, ಅವು ನಮ್ಮ ಗುಳ್ಳೆಗಳ ಸದ್ದಿಗೆ ದೂರ ಸರಿಯುತ್ತಿದ್ದವು. ನಮ್ಮನ್ನು ಓಡಿಸುತ್ತಿದ್ದದ್ದು ಮೊಟ್ಟೆ ಕಾಯುವ ಟೈಟನ್ ಟ್ರಿಗರ್ ಮೀನು. ತನ್ನ ಗೂಡಿನಿಂದ ಮೇಲ್ಮುಖವಾಗಿ ಅಗಲವಾಗುತ್ತ ಹೋಗುವ ಆಲಿಕೆಯಂಥ ಜಾಗವನ್ನು ಅದು ತನ್ನದೆಂದು ತಿಳಿಯುವುದರಿಂದ, ಮೇಲಕ್ಕೆ ಓಡುವವನು ಅದರ ಎಲ್ಲೆಯೊಳಗೇ ಉಳಿಯುತ್ತಾನೆ. ಅಡ್ಡಲಾಗಿ ಈಜಿ ಪಾರಾಗಬೇಕು. ಈಜಲು ನಾನು ಕಾಲಿಗೆ ತೊಡುವ ರಬ್ಬರಿನ ಫಿನ್ನಿನ ಅಂಚಿನಲ್ಲಿ ಅದರ ಹಲ್ಲಿನ ಗುರುತು ಇಂದಿಗೂ ಇದೆ.

ಪ್ರತಿ ಡೈವ್ ಮುಗಿದ ಮೇಲೆ ದಾಖಲೆ ಪುಸ್ತಕದಲ್ಲಿ ಆಳ, ಸಮಯ, ಆರಂಭದ ಮತ್ತು ಕೊನೆಯ ಒತ್ತಡ, ನೀರಿನ ಉಷ್ಣತೆ ಇವನ್ನು ಬರೆಯುತ್ತೇವೆ. ಉಷ್ಣತೆಯ ಅಂಕಣವನ್ನು ನಾನು ವರ್ಷಗಟ್ಟಲೆ 28, 29 ಎಂದು ಯೋಚಿಸದೆ ತುಂಬಿದವನು. ಒಂದು ಬೇಸಿಗೆಯಲ್ಲಿ ಅದು 31ಕ್ಕೆ ಏರಿ ವಾರಗಟ್ಟಲೆ ಇಳಿಯಲಿಲ್ಲ. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ಬಿಸಿ ಹಲವು ವಾರ ನಿಂತರೆ, ಹವಳದ ಜೀವಿಗಳು ತಮಗೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗುತ್ತವೆ. ಆ ಗಳಿಗೆಯಲ್ಲಿ ಅವು ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತವೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಲೂಬಹುದು. ಜಗತ್ತಿನಾದ್ಯಂತ ಹೀಗಾದದ್ದು ಮೊದಲು ದೊಡ್ಡದಾಗಿ ಕಂಡದ್ದು 1998ರಲ್ಲಿ. ಇಂಥ ನಾಲ್ಕನೆಯ ಜಾಗತಿಕ ಘಟನೆ ನಡೆಯುತ್ತಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ನಾನು ಹೇಳುತ್ತಿರುವ ದಿನ ನನ್ನ ಜೊತೆ ಮುಳುಗಿದವರು ಮೇಲೆ ಬಂದು ಮಾಸ್ಕ್ ತೆಗೆದ ಕೂಡಲೇ, ನೀರು ಎಷ್ಟು ಹಿತವಾಗಿತ್ತು, ಆ ಬಿಳಿಯ ಹವಳ ಎಷ್ಟು ಚೆಂದವಿತ್ತು ಎಂದರು. ಧಕ್ಕೆ ತಲುಪಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಎಂಜಿನ್ನಿನ ಸದ್ದಿನ ಮೇಲೆ ದನಿಯೆತ್ತಿ, ಆ ಬಿಳುಪು ಏನೆಂದು ನಾನು ಅವರಿಗೆ ವಿವರಿಸತೊಡಗಿದೆ.

ನಮಸ್ಕಾರ.