ಅಗಲ ಟೈರಿಗಿಂತ ಮೊದಲು ಆಫ್‌ಸೆಟ್

ಕೇಳುಗರೆಲ್ಲರಿಗೂ ನಮಸ್ಕಾರ. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹುಡುಕಿ ತಂದು, ಎಂಜಿನ್ ಬಿಚ್ಚಿ ಜೋಡಿಸಿ, ಬಣ್ಣ ಹೊಡೆಸಿ, ಭಾನುವಾರ ಬೆಳಿಗ್ಗೆ ರಸ್ತೆಗೆ ಇಳಿಸುವ ಉತ್ಸಾಹಿಗಳು ನಮ್ಮ ಬೆಳಗಾವಿಯಲ್ಲಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಎಂಜಿನ್ ಸರಿಹೋದ ಕೂಡಲೇ ಕಂಪನಿ ಕೊಟ್ಟ ಸಣ್ಣ ಚಕ್ರಗಳನ್ನು ತೆಗೆದು, ಹೊರಗಿನ ಅಂಗಡಿಯಿಂದ ಅಗಲವಾದ ಅಲಾಯ್ ವೀಲ್‌ಗಳನ್ನೂ ಅವಕ್ಕೆ ತಕ್ಕ ಟೈರುಗಳನ್ನೂ ತಂದು ಹಾಕಿಸುತ್ತಾರೆ. ಈ ಆಸೆ ತಪ್ಪಲ್ಲ. ಅಳೆದು ಆರಿಸಿದ ಅಗಲ ಟೈರು ತಿರುವಿನಲ್ಲಿ ಕಾರನ್ನು ನೆಲಕ್ಕೆ ಕಚ್ಚಿ ಹಿಡಿಸುತ್ತದೆ. ಆ ಸುಖವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಆದರೆ ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಅಗಲ ಹಾಕಬಹುದು?’ ಎಂಬುದಾಗಿರುತ್ತದೆ. ಕೇಳಬೇಕಾದದ್ದು ಅದಲ್ಲ, ಆಫ್‌ಸೆಟ್ ಎಷ್ಟು ಎಂಬುದು. ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಆಫ್‌ಸೆಟ್ ಎಂದರೇನು? ಚಕ್ರದ ಅಗಲದ ನಟ್ಟನಡುವೆ ಒಂದು ಗೆರೆ ಇದೆ ಎಂದುಕೊಳ್ಳಿ. ಚಕ್ರವು ಹಬ್ಬಿಗೆ, ಅಂದರೆ ಕಾರಿನಲ್ಲಿ ಚಕ್ರವನ್ನು ನಟ್ಟಿನಿಂದ ಬಿಗಿಯುವ ಭಾಗಕ್ಕೆ, ಒತ್ತಿ ಕೂರುವ ಮುಖವು ಆ ಗೆರೆಯಿಂದ ಎಷ್ಟು ದೂರದಲ್ಲಿದೆಯೋ ಅದೇ ಆಫ್‌ಸೆಟ್. ಅದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಮತ್ತು ಚಕ್ರದ ಹಿಂಬದಿಯಲ್ಲಿ ‘ಇಟಿ’ (ET) ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಮುಂದೆ ಎರಕದಲ್ಲೇ ಮೂಡಿಸಿರುತ್ತಾರೆ. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಮಡ್‌ಗಾರ್ಡಿನ ಕಡೆಗೆ, ಅಂದರೆ ಹೊರಗೆ ಸರಿಯುತ್ತದೆ; ಹೆಚ್ಚಾದಷ್ಟೂ ಒಳಗಿನ ಶಾಕ್ ಅಬ್ಸಾರ್ಬರಿನ ಕಡೆಗೆ ಸರಿಯುತ್ತದೆ.

ಉದಾಹರಣೆಗೆ 1989ರಲ್ಲಿ ಮಾರುಕಟ್ಟೆಗೆ ಬಂದ ಮಾಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಕಾರನ್ನು ತೆಗೆದುಕೊಳ್ಳೋಣ. ಅದರ ಮೂಲ ಚಕ್ರ 14 ಇಂಚು ವ್ಯಾಸ, ಐದೂವರೆ ಇಂಚು ಅಗಲ, ಆಫ್‌ಸೆಟ್ 45. ಟೈರು 185/60 ಆರ್ 14. ಇದಕ್ಕೆ ಬದಲಾಗಿ ಆರೂವರೆ ಇಂಚು ಅಗಲದ, 40 ಆಫ್‌ಸೆಟ್ಟಿನ ಚಕ್ರ ಹಾಕಿದರೆ ಹೊರ ಅಂಚು ಸುಮಾರು 18 ಮಿಲಿಮೀಟರ್ ಹೊರಗೂ, ಒಳ ಅಂಚು ಸುಮಾರು 8 ಮಿಲಿಮೀಟರ್ ಒಳಗೂ ಹೋಗುತ್ತದೆ. ಇಷ್ಟನ್ನು ಕಾರು ತಡೆದುಕೊಳ್ಳುತ್ತದೆ. ಅದೇ ಕಾರಿಗೆ ಏಳು ಇಂಚು ಅಗಲದ, 20 ಆಫ್‌ಸೆಟ್ಟಿನ ಚಕ್ರ ತಂದು ಹಾಕಿದರೆ ಹೊರ ಅಂಚು 44 ಮಿಲಿಮೀಟರ್ ಹೊರಗೆ ಬಂದು ನಿಲ್ಲುತ್ತದೆ. ಈ ಎರಡು ಬದಲಿ ಚಕ್ರಗಳ ಅಗಲದಲ್ಲಿ ವ್ಯತ್ಯಾಸ ಬರೀ ಅರ್ಧ ಇಂಚು, ಆದರೆ ಹೊರ ಅಂಚಿನ ವ್ಯತ್ಯಾಸ ಒಂದು ಇಂಚಿಗಿಂತಲೂ ಹೆಚ್ಚು. ಈ ಹೆಚ್ಚಳ ಬಹುಪಾಲು ಬಂದದ್ದು ಅಗಲದಿಂದಲ್ಲ, ಆಫ್‌ಸೆಟ್ಟಿನಿಂದ.

ಈ ಮಾತಿಗೆ ಪುರಾವೆಯಾಗಿ ನಮ್ಮ ಊರಿನ ಶಹಾಪುರದ ಸೀರೆ ವ್ಯಾಪಾರಿಯೊಬ್ಬರ ಕಾರಿನ ಸಂಗತಿಯನ್ನು ಹೇಳಲೇಬೇಕು. ಅವರ ಬಳಿ ಇರುವುದು ಸ್ಯಾನ್ ಸ್ಟಾರ್ಮ್. ನಮ್ಮ ನೆರೆಯ ಗೋವಾದಲ್ಲಿ 1990ರ ದಶಕದ ಕೊನೆಯಲ್ಲಿ ತಯಾರಾಗತೊಡಗಿದ, ಎರಡು ಬಾಗಿಲಿನ, ಮೇಲ್ಛಾವಣಿ ತೆಗೆಯಬಹುದಾದ ಪುಟ್ಟ ಕಾರು ಅದು. ಮೈಯೆಲ್ಲ ಫೈಬರ್, ಒಳಗೆ 1149 ಸಿಸಿಯ ರೆನೋ ಎಂಜಿನ್. ಭಾರತದಲ್ಲಿ ಇಂಥದೊಂದು ಕಾರು ತಯಾರಾಗಿತ್ತು ಎಂಬುದೇ ಇಂದಿನ ಹುಡುಗರಿಗೆ ತಿಳಿದಿಲ್ಲ, ಅದು ನನಗೆ ಬೇಸರದ ಸಂಗತಿ. ಈ ವ್ಯಾಪಾರಿಗಳು ದೊಡ್ಡ ಶಹರದ ಅಂಗಡಿಯೊಂದರಿಂದ ಏಳು ಇಂಚಿನ ಚಕ್ರಗಳನ್ನು ಫೋಟೋ ನೋಡಿಯೇ ತರಿಸಿದರು. ನಟ್ಟಿನ ತೂತುಗಳು ಕೂಡಿದವು, ಚಕ್ರ ಕುಳಿತಿತು, ಊರೊಳಗೆ ಒಬ್ಬರೇ ಓಡಿಸಿದಾಗ ಎಲ್ಲಿಯೂ ಸದ್ದಿಲ್ಲ. ಒಂದು ಭಾನುವಾರ ಪತ್ನಿಯವರನ್ನು ಕೂರಿಸಿಕೊಂಡು, ಡಿಕ್ಕಿಯಲ್ಲಿ ಸಾಮಾನು ತುಂಬಿಕೊಂಡು, ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಹೊರಟರು. ಜಾಂಬೋಟಿ ದಾಟಿದ ಮೇಲೆ ತಗ್ಗು ಬಂದಾಗಲೆಲ್ಲ ಹಿಂದಿನಿಂದ ಕರಕರ ಸದ್ದು ಕೇಳತೊಡಗಿತು. ಕಣಕುಂಬಿ ತಲುಪುವ ಹೊತ್ತಿಗೆ ರಬ್ಬರ್ ಸುಟ್ಟ ವಾಸನೆ. ಇಳಿದು ನೋಡಿದರೆ ಟೈರಿನ ಹೊರ ಭುಜ ಸವೆದು ನೂಲು ಕಾಣುತ್ತಿತ್ತು, ಮಡ್‌ಗಾರ್ಡಿನ ಅಂಚಿನಲ್ಲಿ ಬಿರುಕು ಬಿಟ್ಟಿತ್ತು.

ಅಲ್ಲಿಂದ ಮರಳಿದವರು ಮಡ್‌ಗಾರ್ಡಿನ ಒಳ ಅಂಚನ್ನು ಗ್ರೈಂಡರಿನಿಂದ ತೆಗೆಸಿದರು. ತಗಡಿನ ಕಾರಾಗಿದ್ದರೆ ಅಂಚನ್ನು ಬಿಸಿ ಮಾಡಿ ಒಳಕ್ಕೆ ಮಡಿಸಬಹುದಿತ್ತು. ಫೈಬರ್ ಮಡಿಯುವುದಿಲ್ಲ, ಕೊಯ್ದರೆ ಬಿರುಕು ಮೇಲಕ್ಕೆ ಏರುತ್ತದೆ. ಏರಿತು. ಆಮೇಲೆ ಕಾರು ನನ್ನ ಬಳಿಗೆ ಬಂತು. ಆಫ್‌ಸೆಟ್ ನೋಡಿದಿರಾ ಎಂದು ಕೇಳಿದ್ದಕ್ಕೆ ಅವರು, “ಸರ, ನಟ್ ಬರೋಬ್ಬರಿ ಕುಂತಾವಲ್ರೀ, ಮತ್ತೇನ್ ಬೇಕ್ರೀ?” ಎಂದರು. ಇದೇ ಮಾತನ್ನು ನಾನು ಎಷ್ಟೋ ಜನರಿಂದ ಕೇಳಿದ್ದೇನೆ, ಪ್ರತಿಸಲವೂ ತಾಳ್ಮೆಯಿಂದ ಅದೇ ಉತ್ತರ ಕೊಟ್ಟಿದ್ದೇನೆ: ನಟ್ ಕೂತರೆ ಚಕ್ರ ಬಿದ್ದುಹೋಗುವುದಿಲ್ಲ, ಅಷ್ಟೇ, ಅದು ಸರಿಯಾದ ಜಾಗದಲ್ಲಿದೆ ಎಂದು ಅರ್ಥವಲ್ಲ. ಹಳೆಯ ಚಕ್ರ ಮತ್ತು ಹೊಸ ಚಕ್ರ ಎರಡನ್ನೂ ನೆಲದ ಮೇಲೆ ಬೋರಲು ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡ ಇಟ್ಟು, ಆ ಪಟ್ಟಿಯಿಂದ ಹಬ್ಬಿಗೆ ಕೂರುವ ಮುಖದವರೆಗಿನ ಆಳವನ್ನು ಸ್ಕೇಲಿನಿಂದ ಅಳೆದು ತೋರಿಸಿದೆ. ಆ ಆಳದಿಂದ ಚಕ್ರದ ಒಟ್ಟು ಅಗಲದ ಅರ್ಧವನ್ನು ಕಳೆದರೆ ಸಿಗುವುದೇ ಆಫ್‌ಸೆಟ್. ಒಟ್ಟು ಅಗಲವೆಂದರೆ ಅಂಚಿನಿಂದ ಅಂಚಿಗೆ, ಚಕ್ರದ ಮೇಲೆ ಬರೆದ ಅಗಲಕ್ಕಿಂತ ಸುಮಾರು ಒಂದು ಇಂಚು ಹೆಚ್ಚು. ಹೊಸ ಚಕ್ರದ ಹೊರ ಅಂಚು ಹಳೆಯದಕ್ಕಿಂತ ಒಂದೂವರೆ ಇಂಚು ಹೊರಗಿತ್ತು. ಐದು ನಿಮಿಷದ ಈ ಅಳತೆಯನ್ನು ಕೊಳ್ಳುವ ಮೊದಲೇ ಮಾಡಿದ್ದರೆ ಫೈಬರ್ ಒಡೆಯುತ್ತಿರಲಿಲ್ಲ.

ಅದೇ ಚಕ್ರದಲ್ಲಿ ಇನ್ನೊಂದು ದೋಷವೂ ಇತ್ತು. ನಡುವಿನ ದೊಡ್ಡ ತೂತು ಹಬ್ಬಿಗಿಂತ ಅಗಲವಾಗಿತ್ತು, ಆದ್ದರಿಂದ ಹೆದ್ದಾರಿಯಲ್ಲಿ ವೇಗ 80 ದಾಟಿದೊಡನೆ ಸ್ಟಿಯರಿಂಗ್ ನಡುಗುತ್ತಿತ್ತು. ಇದಕ್ಕೆ ಮಾತ್ರ ನಮ್ಮ ಊರು ಪುಣ್ಯ ಮಾಡಿದೆ: ಉದ್ಯಮಬಾಗಿನಲ್ಲಿ ಲೇತ್ ಇರುವ ಯಾವ ವರ್ಕ್‌ಶಾಪಿಗೆ ಹೋದರೂ ಹಬ್ಬಿನ ಹೊರ ಅಳತೆ ಮತ್ತು ಚಕ್ರದ ಒಳ ಅಳತೆ ಕೊಟ್ಟರೆ ಆ ಸಂದು ತುಂಬುವ ಅಲ್ಯೂಮಿನಿಯಂ ರಿಂಗ್ ಮಾಡಿಕೊಡುತ್ತಾರೆ. ಕೊನೆಗೆ ವ್ಯಾಪಾರಿಗಳು ಆ ಚಕ್ರಗಳನ್ನು ಮಾರಿ, ಆಫ್‌ಸೆಟ್ ಕೇಳಿ ಆರು ಇಂಚಿನ ಬೇರೆ ಚಕ್ರ ತರಿಸಿದರು. ಅವಕ್ಕೂ ರಿಂಗ್ ಉದ್ಯಮಬಾಗಿನಲ್ಲೇ ಆಯಿತು.

ಚಕ್ರ ಹೊರಗೆ ಸರಿದರೆ ಉಜ್ಜುವುದು ಒಂದೇ ತೊಂದರೆಯಲ್ಲ. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯುವುದಕ್ಕೂ ಕೈಚಾಚಿ ಹಿಡಿದು ನಡೆಯುವುದಕ್ಕೂ ಇರುವ ಅಂತರವೇ ಬೇರಿಂಗಿನ ಪಾಲಿಗೂ ಬರುತ್ತದೆ. ಹಳೆಯ ಕಾರಿನಲ್ಲಿ ಬೇರಿಂಗೂ ಬುಷ್ಷುಗಳೂ ಮೊದಲೇ ಸವೆದಿರುತ್ತವೆ. ಪವರ್ ಸ್ಟಿಯರಿಂಗ್ ಇಲ್ಲದಿದ್ದರೆ ರಸ್ತೆಯ ಪ್ರತಿ ಏರುತಗ್ಗೂ ಅಂಗೈಗೆ ಬಡಿಯುತ್ತದೆ. ಚಕ್ರವನ್ನು ಹೊರತಳ್ಳಲು ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಹಾಕಿಸುವವರಿಗೂ ಇದೇ ಮಾತು: ಸ್ಪೇಸರ್ ಹಾಕುವುದೆಂದರೆ ಆಫ್‌ಸೆಟ್ ಕಡಿಮೆ ಮಾಡುವುದು, ಬೇರೇನೂ ಅಲ್ಲ.

ಸಮಯ ಕಡಿಮೆ ಇರುವುದರಿಂದ ಟೈರಿನ ವಿಷಯವನ್ನು ಬೇಗ ಹೇಳುತ್ತೇನೆ. 185/60 ಎಂದರೆ 185 ಮಿಲಿಮೀಟರ್ ಅಗಲ, ಅದರ ಶೇಕಡಾ 60ರಷ್ಟು ಪಕ್ಕದ ಎತ್ತರ. ಅಗಲವನ್ನು 205ಕ್ಕೆ ಏರಿಸಿ 60ನ್ನು ಹಾಗೆಯೇ ಬಿಟ್ಟರೆ ಟೈರಿನ ಎತ್ತರವೂ ಶೇಕಡಾ 4ರಷ್ಟು ಏರುತ್ತದೆ. ಸ್ಪೀಡೋಮೀಟರ್ 80 ತೋರಿಸುವಾಗ ಕಾರು 83ರಲ್ಲಿ ಓಡುತ್ತಿರುತ್ತದೆ, ಟೈರು ಮಡ್‌ಗಾರ್ಡಿನ ಒಳಗಿನ ಮೇಲ್ಭಾಗಕ್ಕೂ ತಾಗಬಹುದು. ಬದಲಾಗಿ 15 ಇಂಚಿನ ಚಕ್ರಕ್ಕೆ 195/50 ಹಾಕಿ, ವ್ಯಾಸ ಎರಡು ಮಿಲಿಮೀಟರ್ ಕೂಡ ಬದಲಾಗುವುದಿಲ್ಲ. ಅಗಲ ಹೆಚ್ಚಾದರೆ ನೆಲಕ್ಕೆ ತಾಗುವ ಜಾಗ ದುಪ್ಪಟ್ಟಾಗುತ್ತದೆ ಎಂದು ನಂಬಬೇಡಿ. ಗಾಳಿಯ ಒತ್ತಡ ಮತ್ತು ಕಾರಿನ ತೂಕ ಅವೇ ಇದ್ದರೆ ಆ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಉದ್ದ ತಗ್ಗಿ ಅಡ್ಡ ಹಿಗ್ಗುತ್ತದೆ. ಒಣ ತಿರುವಿನಲ್ಲಿ ಅದು ಲಾಭ. ಮಳೆಗಾಲದ ಘಾಟಿನಲ್ಲಿ ಅದೇ ನಷ್ಟ, ಏಕೆಂದರೆ ಅಗಲ ಟೈರು ಹೆಚ್ಚು ನೀರನ್ನು ತಳ್ಳಬೇಕು, ತಳ್ಳಲಾಗದಿದ್ದರೆ ನೀರಿನ ಮೇಲೆ ತೇಲುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಳೆಯ ಕಾರುಗಳು ಹೆಚ್ಚು ನಿಂತೇ ಇರುವುದರಿಂದ ಟೈರು ಸವೆಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ, ಅದನ್ನೂ ನೋಡಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮೂಲ ವಿವರಗಳಿಗಿಂತ ಭಿನ್ನವಾದ ಮಾರ್ಪಾಡನ್ನು ತಡೆಯುತ್ತದೆ, ಮತ್ತು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಮಡ್‌ಗಾರ್ಡಿನಿಂದ ಹೊರಚಾಚಿದ ಟೈರು ಆರ್‌ಟಿಓ ಕಚೇರಿಯವರ ಕಣ್ಣಿಗೆ ಮೊದಲು ಬೀಳುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಅಲ್ಲಿಯೂ ವಿಚಾರಿಸಿ.

ಚಕ್ರ ಹಾಕಿಸಿದ ಮೇಲೆ ಅಂಗಡಿಯಿಂದ ನೇರ ಹೆದ್ದಾರಿಗೆ ಹೋಗಬೇಡಿ. ಒಂದು ಕಡೆ ಜ್ಯಾಕ್ ಹಾಕಿ, ಸ್ಪ್ರಿಂಗ್ ಬಿಚ್ಚಿಸಿ, ಚಕ್ರವನ್ನು ಪೂರ್ತಿ ಮೇಲಕ್ಕೆ ಎತ್ತಿಸಿ, ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ, ಎಲ್ಲೆಲ್ಲಿ ಬೆರಳು ತೂರುತ್ತದೆ ಎಂದು ನೋಡಿ. ಬೆರಳು ತೂರದ ಕಡೆ ಟೈರು ಉಜ್ಜಿಯೇ ಉಜ್ಜುತ್ತದೆ. ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡಿಸಿ, ಸುಮಾರು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ, ಅಲೈನ್‌ಮೆಂಟನ್ನೂ ಆಗಲೇ ಮಾಡಿಸಿ. ನಾಳೆ ಅಂಗಡಿಗೆ ಹೋಗುವವರು ನಿಮ್ಮ ಹಳೆಯ ಚಕ್ರದ ಆಫ್‌ಸೆಟ್ಟನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ನಮಸ್ಕಾರ.