ನೀರು ಬಿಟ್ಟುಹೋದ ದಾರಿ

ಎಲ್ಲರಿಗೂ ನಮಸ್ಕಾರ.

ಇವತ್ತು ನಿಮ್ಮನ್ನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಕಣಿವೆಗೆ ಕರೆದುಕೊಂಡು ಹೋಗುತ್ತೇನೆ. ಯಾರ್ಕ್‌ಶೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ಒಳಗಿರುವ ಮ್ಯಾಲಂ ಅನ್ನುವ ಪುಟ್ಟ ಹಳ್ಳಿ. ‘ಡೇಲ್’ ಅಂದರೆ ಅಲ್ಲಿನವರ ಮಾತಿನಲ್ಲಿ ಕಣಿವೆ ಅಂತಲೇ ಅರ್ಥ. ಕುರಿ ಮೇಯುವ ಹುಲ್ಲು, ಗಾರೆ ಹಾಕದೆ ಕಟ್ಟಿದ ಕಲ್ಲಿನ ಗೋಡೆಗಳು, ನಡುವೆ ಕಾಲುದಾರಿಗಳು. ನೆಲದ ಕೆಳಗೆಲ್ಲ ಸುಣ್ಣದ ಕಲ್ಲು.

ಅಲ್ಲಿಗೆ ಹೋಗುವವರಲ್ಲಿ ತುಂಬಾ ಜನ ನೇರವಾಗಿ ಮ್ಯಾಲಂ ಕೋವ್ ಎಂಬ ದೊಡ್ಡ ಬಂಡೆಗೋಡೆ ನೋಡಿ, ಫೋಟೋ ತೆಗೆದು ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆ ಬಂಡೆಯನ್ನು ಕೊನೆಗೆ ಇಟ್ಟುಕೊಳ್ಳಿ. ಹನ್ನೆರಡು ಹದಿಮೂರು ಕಿಲೋಮೀಟರ್ ಸುತ್ತು ಹಾಕಿ ಮೇಲಿನಿಂದ ಅಲ್ಲಿಗೆ ಇಳಿದು ಬನ್ನಿ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳುತ್ತಾ ನಡೆಯಿರಿ: ನೀರು ಎಲ್ಲಿ ಹೋಯಿತು? ಇದೊಂದನ್ನು ಹಿಡಿದುಕೊಂಡರೆ ಆ ಕಣಿವೆ ತಾನಾಗಿ ಅರ್ಥವಾಗುತ್ತದೆ.

ಸುಮಾರು 33 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚಗಿನ, ಆಳವಿಲ್ಲದ ಕಡಲಿತ್ತು. ಚಿಪ್ಪು, ಹವಳಗಳ ಚೂರು ತಳದಲ್ಲಿ ಕೂತು ಕೂತು ಕಲ್ಲಾಯಿತು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣದ ಕಲ್ಲು ಕರಗುತ್ತದೆ. ಕಲ್ಲಿನ ಬಿರುಕುಗಳು ಅಗಲವಾಗುತ್ತಾ ಹೋಗುತ್ತವೆ, ನೀರು ಒಳಗೆ ಇಳಿಯುತ್ತದೆ. ಅದಕ್ಕೇ ಇಂಥ ನೆಲದಲ್ಲಿ ಹೊಳೆಗಳು ಇದ್ದಕ್ಕಿದ್ದಂತೆ ಕಾಣೆಯಾಗುತ್ತವೆ.

ಹಳ್ಳಿಯಿಂದ ಹೊರಟರೆ ಮೊದಲು ತೊರೆಯ ಪಕ್ಕದ ದಾರಿ. ಸ್ವಲ್ಪ ಹೊತ್ತಿಗೆ ಮರಗಳ ನಡುವೆ ಜಾನೆಟ್ಸ್ ಫಾಸ್ ಸಿಗುತ್ತದೆ. ‘ಫಾಸ್’ ಅಂದರೆ ಜಲಪಾತ. ಇದರ ಹಿಂದಿನ ಗುಹೆಯಲ್ಲಿ ಜಾನೆಟ್ ಅನ್ನುವ ಯಕ್ಷಿಣಿ ಇದ್ದಾಳೆ ಅಂತ ಅಲ್ಲಿನವರ ಕತೆ. ಚಿಕ್ಕ ಜಲಪಾತ, ಆದರೆ ಹತ್ತಿರ ಹೋಗಿ ನೋಡಿ. ನೀರು ಬೀಳುವ ಬಂಡೆ ಗಡುಸಾಗಿ, ಚೂಪಾಗಿ ಇಲ್ಲ. ಉಬ್ಬಿಕೊಂಡು, ಮಡಿಕೆ ಮಡಿಕೆಯಾಗಿ ಇಳಿಬಿದ್ದಿದೆ. ನೀರು ಮೇಲೆಲ್ಲೋ ಕರಗಿಸಿಕೊಂಡು ಬಂದ ಸುಣ್ಣವನ್ನು ಇಲ್ಲಿ ಪಾಚಿಯ ಮೇಲೆ ಪದರ ಪದರವಾಗಿ ಬಿಟ್ಟುಹೋಗಿದೆ. ಅದನ್ನು ಟ್ಯೂಫಾ ಅನ್ನುತ್ತಾರೆ. ಕಲ್ಲನ್ನು ತಿಂದ ನೀರೇ ಮತ್ತೆ ಕಲ್ಲು ಕಟ್ಟುತ್ತಿದೆ. ಪಾಚಿ ಮೇಲೆ ಕೈ ಊರಬೇಡಿ, ಅದು ಬೆಳೆಯಲು ತುಂಬಾ ಕಾಲ ಬೇಕು.

ಅಲ್ಲಿಂದ ಮುಂದೆ ಗಾರ್ಡೇಲ್ ಸ್ಕಾರ್. ಎರಡೂ ಕಡೆ ತಲೆ ಮೇಲೆ ಬಾಗಿದಂತೆ ನಿಂತ ಬಂಡೆಗಳು, ನಡುವೆ ಜಲಪಾತ. ಕಾಲುದಾರಿ ಆ ಜಲಪಾತದ ಪಕ್ಕದಲ್ಲೇ ಬಂಡೆ ಹತ್ತುತ್ತದೆ. ಕೈಕಾಲು ಎರಡೂ ಬಳಸಬೇಕು. ಮಳೆ ಬಂದಿದ್ದರೆ, ನೀರು ಜೋರಾಗಿದ್ದರೆ ಅಲ್ಲಿ ಹತ್ತಲೇಬೇಡಿ. ಸುತ್ತಿ ಹೋಗಲು ಬೇರೆ ದಾರಿ ಇದೆ, ಸ್ವಲ್ಪ ಹೊತ್ತು ಜಾಸ್ತಿ ಆಗುತ್ತದೆ ಅಷ್ಟೇ. ಹತ್ತಿದವರಿಗೂ ಒಂದು ಮಾತು: ಅದೇ ದಾರಿಯಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಇಷ್ಟು ಹೊತ್ತು ನಾವು ನಡೆದಿದ್ದು ಬಹುಪಾಲು ಯಾರದೋ ರೈತರ ಹೊಲದೊಳಗೆ. ಯಾರೂ ತಡೆಯಲಿಲ್ಲ, ಯಾಕೆ? ಜನ ಒಂದು ದಾರಿಯಲ್ಲಿ 20 ವರ್ಷ, ಯಾರ ತಡೆಯೂ ಇಲ್ಲದೆ, ತಮ್ಮ ಹಕ್ಕು ಅಂತ ನಡೆದಿದ್ದರೆ ಅದು ಸಾರ್ವಜನಿಕ ದಾರಿ ಅಂತ ಅಲ್ಲಿನ ಕಾನೂನು ಒಪ್ಪುತ್ತದೆ. ಜಮೀನು ರೈತನದೇ, ದಾರಿ ಎಲ್ಲರದು. 1949ರ ಕಾಯ್ದೆ ಬಂದ ಮೇಲೆ ಇಂಥ ದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕ್ಷೆಗೆ ಸೇರಿಸುವ ಕೆಲಸ ಶುರುವಾಯಿತು.

ಇದು ಸುಮ್ನೆ ಸಿಕ್ಕಿದ್ದಲ್ಲ. 1932ರ ಏಪ್ರಿಲ್ 24ರಂದು, ಇನ್ನೂ ದಕ್ಷಿಣಕ್ಕಿರುವ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ ಬೇಕಂತಲೇ ನುಗ್ಗಿದರು. ಶ್ರೀಮಂತರು ಬೇಟೆಗೆ ಅಂತ ಆ ಬೆಟ್ಟವನ್ನು ಮುಚ್ಚಿಟ್ಟಿದ್ದರು. ಮುಂದೆ ನಿಂತಿದ್ದ ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಅವನೂ ಸೇರಿ ಐದು ಜನ ಜೈಲಿಗೆ ಹೋದರು. ಮೂರು ವರ್ಷದ ನಂತರ ಟಾಮ್ ಸ್ಟೀಫನ್ಸನ್ ಅನ್ನುವ ಪತ್ರಕರ್ತ ದೇಶದ ಬೆನ್ನೆಲುಬಿನಂತಿರುವ ಪೆನೈನ್ ಬೆಟ್ಟಸಾಲಿನ ಮೇಲೆ ಒಂದು ಉದ್ದದ ಕಾಲುದಾರಿ ಬೇಕು ಅಂತ ಬರೆದ. ಅದು ಆಗಲು 30 ವರ್ಷ ಹಿಡಿಯಿತು. ಸುಮಾರು 430 ಕಿಲೋಮೀಟರಿನ ಪೆನೈನ್ ವೇ ಉದ್ಘಾಟನೆಯಾಗಿದ್ದು 1965ರಲ್ಲಿ, ಅದೇ ಏಪ್ರಿಲ್ 24ರಂದು. ಎಲ್ಲಿ ಗೊತ್ತಾ? ಇದೇ ಮ್ಯಾಲಂ ಮೇಲಿನ ಬಯಲಿನಲ್ಲಿ. ಆ ದಾರಿಯ ಒಂದು ತುಂಡಿನ ಮೇಲೆ ನಾವೂ ಈಗ ನಡೆಯಲಿದ್ದೇವೆ. ಹಾಗಾಗಿ ಗೇಟು ದಾಟಿದ ಮೇಲೆ ಅದನ್ನು ಮೊದಲಿದ್ದ ಹಾಗೇ ಬಿಡುವುದು, ನಾಯಿಯನ್ನು ಕುರಿಗಳ ಹತ್ತಿರ ಬಿಡದೆ ಹಿಡಿದುಕೊಳ್ಳುವುದು, ಇವೆಲ್ಲ ನನಗೆ ಬರೀ ಶಿಷ್ಟಾಚಾರದ ವಿಷಯ ಅನ್ನಿಸುವುದಿಲ್ಲ. ಅವರು ಗೆದ್ದುಕೊಟ್ಟಿದ್ದನ್ನು ಉಳಿಸಿಕೊಳ್ಳುವ ಕೆಲಸ ಅದು.

ಸರಿ, ಮೇಲೆ ಬಂದೆವು. ಸುಮಾರು 375 ಮೀಟರ್ ಎತ್ತರದಲ್ಲಿ ಒಂದು ಕೆರೆ, ಮ್ಯಾಲಂ ಟಾರ್ನ್. ಸುಣ್ಣದ ಕಲ್ಲಿನ ನಾಡಿನಲ್ಲಿ ನೀರು ನಿಲ್ಲುವುದಾದರೂ ಹೇಗೆ ಅಲ್ವಾ? ಕೆರೆಯ ತಳದಲ್ಲಿ ಸುಣ್ಣದ ಕಲ್ಲಿಲ್ಲ, ನೀರು ಇಂಗಲು ಬಿಡದ ಹಳೆಯ ಸ್ಲೇಟ್ ಕಲ್ಲಿದೆ. ಕೆರೆಯಿಂದ ಒಂದು ತೊರೆ ಹೊರಡುತ್ತದೆ. ಸ್ಲೇಟ್ ಮುಗಿದು ಸುಣ್ಣದ ಕಲ್ಲು ಶುರುವಾದ ಮೇಲೆ ಅದರ ಆಟ ಮುಗಿಯಿತು.

ಆ ಜಾಗದ ಹೆಸರು ವಾಟರ್ ಸಿಂಕ್ಸ್. ದೊಡ್ಡ ಗುಂಡಿ, ಭೋರ್ಗರೆತ ಇರುತ್ತದೆ ಅಂದುಕೊಂಡು ಹೋಗಬೇಡಿ. ತೊರೆ ಹರಿದು ಬರುತ್ತದೆ, ಕಲ್ಲುಗಳ ನಡುವೆ ಅಗಲವಾಗುತ್ತದೆ, ಸಣ್ಣಗಾಗುತ್ತದೆ. ಆಮೇಲೆ ಬರೀ ಒದ್ದೆ ಕಲ್ಲು, ಅದರ ಮುಂದೆ ಒಣಗಿದ ಕಲ್ಲು. ಹರಿಯುವ ಸದ್ದು ಬೆನ್ನ ಹಿಂದೆ ಉಳಿದುಬಿಡುತ್ತದೆ. ಮಂಡಿಯೂರಿ ಕೂತರೆ ಕಲ್ಲಿನ ಸಂದಿಯಲ್ಲಿ ನೀರು ಗುಳುಗುಳು ಅಂತ ಇಳಿಯುವುದು ಕೇಳುತ್ತದೆ. ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ.

ನೀರು ಹೋಯಿತು, ಆದರೆ ಅದರ ಕಣಿವೆ ಮುಂದುವರಿಯುತ್ತದೆ. ವಾಟ್‌ಲೋಸ್ ಅನ್ನುವ ಒಣ ಕಣಿವೆ ಅದು. ಹಿಮಯುಗದಲ್ಲಿ ನೆಲದ ಬಿರುಕುಗಳೆಲ್ಲ ಹೆಪ್ಪುಗಟ್ಟಿ ಮುಚ್ಚಿಹೋಗಿದ್ದವು. ಒಳಗೆ ಇಳಿಯಲು ಜಾಗವಿಲ್ಲದೆ ಹಿಮ ಕರಗಿದ ನೀರು ಮೇಲೇ ಹರಿದು ಕಣಿವೆ ಕೊರೆಯಿತು. ನೆಲ ಬೆಚ್ಚಗಾದ ಮೇಲೆ ಬಿರುಕು ತೆರೆದವು, ನೀರು ಕೆಳಗೆ ಹೋಯಿತು. ಈಗ ಆ ಹೊಳೆಯ ಪಾತ್ರದಲ್ಲೇ ಕಾಲುದಾರಿ ಇದೆ.

ಆ ಪಾತ್ರ ಹೋಗಿ ಮುಗಿಯುವುದು ಕೋವ್‌ನ ನೆತ್ತಿಯಲ್ಲಿ. ಅಲ್ಲಿ ಸುಣ್ಣದ ಕಲ್ಲಿನ ದೊಡ್ಡ ಹಾಸು. ಹಿಮನದಿ ಮಣ್ಣನ್ನೆಲ್ಲ ಕೆರೆದು ತೆಗೆದ ಮೇಲೆ ಮಳೆ ಬಿರುಕುಗಳನ್ನು ಅಗಲ ಮಾಡಿದೆ. ಎದ್ದು ನಿಂತ ಕಲ್ಲಿಗೆ ಕ್ಲಿಂಟ್, ನಡುವಿನ ಸಂದಿಗೆ ಗ್ರೈಕ್ ಅನ್ನುತ್ತಾರೆ. ಎಲ್ಲರೂ ದೂರದ ನೋಟ ನೋಡುತ್ತಾರೆ. ನೀವು ಬಗ್ಗಿ ಒಂದು ಸಂದಿಯೊಳಗೆ ನೋಡಿ. ಮೇಲೆ ಹುಲ್ಲೂ ಬೆಳೆಯದ ಬೂದು ಕಲ್ಲು, ಒಂದು ತೋಳುದ್ದ ಕೆಳಗೆ ತಂಪು, ತೇವ, ನೆರಳು. ನಾಲಿಗೆಯಂತೆ ಉದ್ದವಾಗಿ ಹೊಳೆಯುವ ಎಲೆಯ ಜರೀಗಿಡ ಅಲ್ಲಿರುತ್ತದೆ. ಕಾಡಿನ ನೆರಳಿನಲ್ಲಿ ಬೆಳೆಯುವ ಗಿಡಗಳು ಗಾಳಿಗೂ ಕುರಿಯ ಬಾಯಿಗೂ ಸಿಗದೆ ಅಲ್ಲಿ ಬದುಕಿಕೊಂಡಿವೆ. ತೋಟದ ಅಲಂಕಾರಕ್ಕೆ ಅಂತ ಇಂಥ ಕಲ್ಲನ್ನು ಕಿತ್ತು ಮಾರುತ್ತಿದ್ದ ಕಾಲವೊಂದಿತ್ತು. 1981ರ ಕಾಯ್ದೆ ಬಂದ ಮೇಲೆ ಇಂಥ ಹಾಸುಗಳಿಗೆ ರಕ್ಷಣೆ ಸಿಕ್ಕಿತು. ನಡೆಯುವಾಗ ಮಾತ್ರ ಎಚ್ಚರ. ಸಾವಿರಾರು ಜನರ ಬೂಟು ಉಜ್ಜಿ ಕಲ್ಲು ನುಣ್ಣಗಾಗಿದೆ, ಒದ್ದೆಯಾದರೆ ಜಾರುತ್ತದೆ. ಸಂದಿಗೆ ಕಾಲು ಸಿಕ್ಕಿದರೆ ಮೂಳೆ ಮುರಿಯುತ್ತದೆ. ಅಂಚಿನಲ್ಲಿ ಬೇಲಿ ಇಲ್ಲ, ಕೆಳಗೆ ಸುಮಾರು 80 ಮೀಟರ್ ಆಳ. ಮಂಜು ಕವಿದ ದಿನ ಅಂಚಿನ ಹತ್ತಿರ ಹೋಗಲೇಬೇಡಿ.

ಪಕ್ಕದಲ್ಲಿ ಸುಮಾರು 400 ಮೆಟ್ಟಿಲು ಇಳಿದರೆ ಕೋವ್‌ನ ಬುಡ. ಈಗ ತಲೆ ಎತ್ತಿ ನೋಡಿ. ಒಂದು ಕಾಲಕ್ಕೆ ಈ ಬಂಡೆಯ ಅಷ್ಟಗಲದಿಂದ ನೀರು ಧುಮುಕುತ್ತಿತ್ತು. 2015ರ ಡಿಸೆಂಬರ್ 6ರಂದು, ಡೆಸ್ಮಂಡ್ ಚಂಡಮಾರುತದ ಮಳೆಗೆ, ನೆಲದೊಳಗಿನ ದಾರಿಗಳೆಲ್ಲ ತುಂಬಿ ಮತ್ತೆ ಇಲ್ಲಿಂದ ಜಲಪಾತ ಬಿತ್ತು. ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮೊದಲಿನ ಹಾಗೇ ಒಣಗಿತು.

ಬಂಡೆಯ ಬುಡದಿಂದ ಒಂದು ತೊರೆ ಸದ್ದಿಲ್ಲದೆ ಹೊರಬರುತ್ತದೆ. ನೋಡಿದವರೆಲ್ಲ, ಮೇಲೆ ಇಂಗಿದ ನೀರು ಇದೇ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 19ನೇ ಶತಮಾನದ ಕೊನೆಯ ಹೊತ್ತಿಗೇ ನೀರಿಗೆ ಬಣ್ಣ ಬೆರೆಸಿ ಪರೀಕ್ಷೆ ಮಾಡಿ ನೋಡಿದ್ದಾರೆ. ಬುಡದ ತೊರೆಗೆ ಮುಖ್ಯವಾಗಿ ನೀರು ಬರುವುದು ಮೇಲಿನ ಇನ್ನೊಂದು ಇಂಗುಗುಂಡಿಯಿಂದ. ಕೆರೆಯ ನೀರಿನ ಬಹುಪಾಲು ಈ ಬಂಡೆಯ ಕೆಳಗೇ, ಹಳ್ಳಿಯ ಕೆಳಗೇ ಹಾದುಹೋಗುತ್ತದೆ.

ಅದನ್ನು ನೋಡಬೇಕಾದರೆ ಹಳ್ಳಿಗೆ ಬಂದ ಮೇಲೆ ಟೀ ಕುಡಿದು ಅಲ್ಲೇ ನಿಲ್ಲಬೇಡಿ. ಪೆನೈನ್ ವೇ ಹಿಡಿದು ದಕ್ಷಿಣಕ್ಕೆ ಹತ್ತು ನಿಮಿಷ ನಡೆಯಿರಿ. ಏರ್ ಹೆಡ್ ಅನ್ನುವ ಜಾಗ ಬರುತ್ತದೆ. ಹುಲ್ಲಿನ ನಡುವೆ, ಕುರಿ ಮೇಯುವ ಹೊಲದಲ್ಲಿ, ನೆಲದಿಂದ ನೀರು ಉಕ್ಕುತ್ತಿರುತ್ತದೆ. ಮೇಲೆ ನೀವು ಮಂಡಿಯೂರಿ ಕೇಳಿಸಿಕೊಂಡ ನೀರು ಅದೇ.